ನನ್ನನ್ನು ಹೊಲಿದವರು

ದೂರು ಬರೆಯುವುದರಲ್ಲಿ ನನ್ನದು ಎತ್ತಿದ ಕೈ. ಸೊರಬದ ಬಸ್ ನಿಲ್ದಾಣದಲ್ಲಿ ಕುಡಿಯುವ ನೀರಿನ ನಲ್ಲಿ ಕೆಟ್ಟು ಕೂತಾಗ ಅರ್ಜಿ ಬರೆದು ರಿಪೇರಿ ಮಾಡಿಸಿದವಳು ನಾನು. ಬೇಕರಿಯ ಬ್ರೆಡ್ಡಿನಲ್ಲಿ ಗೋಣಿದಾರ ಸಿಕ್ಕಾಗ ಅದನ್ನು ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಗಲ್ಲಾದ ಮೇಲೆ ಬಿಚ್ಚಿಟ್ಟವಳೂ ನಾನೇ. "ಮೇಡಂ ಪೆನ್ನು ತೆಗೆದ್ರು ಅಂದ್ರೆ ಯಾರಿಗೋ ಕಾದಿದೆ" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಆ ಮಾತು ನನಗೆ ಇಷ್ಟವೇ ಆಗಿತ್ತು. ಆದರೆ ಒಂದು ಕುರ್ತಾದ ಬಗ್ಗೆ ಬರೆದ ದೂರಿನ ವಿಷಯವನ್ನು ಅಲ್ಲಿ ಯಾರಿಗೂ ಹೇಳಿಲ್ಲ. ಆ ದೂರಿನಿಂದ ಒಬ್ಬ ಹುಡುಗಿಯ ಕೆಲಸ ಹೋಯಿತು.

ನಾನು ಕುಬಟೂರಿನ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆ ಇರುವುದು ಸೊರಬದಲ್ಲಿ. ಹದಿನೆಂಟು ವರ್ಷದಿಂದ ಬೆಳಗಿನ ಬಸ್ಸು ಹಿಡಿದು ಹೋಗಿ, ಸಂಜೆಯ ಬಸ್ಸಿಗೆ ವಾಪಸು ಬರುತ್ತೇನೆ. ಮಕ್ಕಳು ನನಗೆ ಇಟ್ಟಿರುವ ಅಡ್ಡಹೆಸರು 'ಫ್ಯಾಷನ್ ಮೇಡಂ'. ನನ್ನ ಬೆನ್ನ ಹಿಂದೆ ಹೇಳುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಬಟ್ಟೆಯ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ. ಚೆನ್ನಾಗಿ ಕತ್ತರಿಸಿದ ತೋಳು, ಸರಿಯಾದ ಜಾಗದಲ್ಲಿ ಬಿದ್ದ ಹೊಲಿಗೆ, ಕೈ ಇಳಿಬಿಟ್ಟರೆ ತಾನಾಗಿ ಸಿಗುವ ಜೇಬು, ಇವನ್ನು ಕಂಡರೆ ಬೇರೆಯವರಿಗೆ ಒಡವೆ ಕಂಡಷ್ಟು ಖುಷಿ ನನಗೆ.

ಮೂರು ವರ್ಷದ ಹಿಂದೆ ಆ ಖುಷಿಗೆ ಒಂದು ಕಲ್ಲು ಬಿತ್ತು. ಮೊಬೈಲಿನಲ್ಲಿ ಯಾವುದೋ ದೇಶದ ಗಾರ್ಮೆಂಟ್ಸಿನ ವಿಡಿಯೊ ನೋಡಿದೆ. ಸಾಲಾಗಿ ಕೂತ ಹೆಂಗಸರು, ಬೆನ್ನ ಹಿಂದೆ ನಿಂತು ಕೂಗುವ ಗಂಡಸು, ಶೌಚಕ್ಕೆ ಹೋಗಲು ಕೈ ಎತ್ತಿ ಕೇಳುವ ಒಬ್ಬ ಮುದುಕಿ. ನಾನು ತೊಟ್ಟಿದ್ದ ನೀಲಿ ಟಾಪಿನ ಚೀಟಿ ತಿರುಗಿಸಿ ನೋಡಿದರೆ ಅದೇ ದೇಶದ ಹೆಸರು. ಆ ದಿನ ಊಟ ಸೇರಲಿಲ್ಲ. ಇನ್ನು ಮುಂದೆ ಯಾರ ಗೋಳೂ ಅಂಟಿಕೊಂಡಿರದ ಬಟ್ಟೆಯನ್ನಷ್ಟೇ ತೊಡುತ್ತೇನೆ ಎಂದು ನಿರ್ಧಾರ ಮಾಡಿದೆ. ಚಂದವೂ ಇರಬೇಕು, ನ್ಯಾಯವೂ ಇರಬೇಕು.

ಸೊರಬದಲ್ಲಿ ಅಂಥದ್ದನ್ನು ಹುಡುಕುವುದು ನಗೆಪಾಟಲಿನ ಕೆಲಸ. ಮುಖ್ಯರಸ್ತೆಯ ಬಟ್ಟೆ ಅಂಗಡಿಯಲ್ಲಿ ಒಂದು ಕುರ್ತಾ ಹಿಡಿದು, "ಇದನ್ನ ಎಲ್ಲಿ ಹೊಲ್ದಿದ್ದು? ಯಾರು ಹೊಲ್ದಿದ್ದು?" ಎಂದು ಕೇಳಿದೆ. ಅಂಗಡಿಯವರು ನನ್ನ ಮುಖ ನೋಡಿ, "ಮೇಡಂ, ನೀವು ಬಟ್ಟೆ ತಗಳಕ್ಕೆ ಬಂದಿದ್ದೋ, ಜಾತಕ ಕೂಡ್ಸಕ್ಕೆ ಬಂದಿದ್ದೋ?" ಎಂದರು. ಕುರ್ತಾ ಅಲ್ಲೇ ಇಟ್ಟು ಬಂದೆ.

ಆಮೇಲೆ ಮೊಬೈಲಿನಲ್ಲೇ ಹುಡುಕುತ್ತ ಒಂದು ಪುಟ ಸಿಕ್ಕಿತು. ಬೆಂಗಳೂರಿನ ಯಾರೋ ನಡೆಸುವ ಸಣ್ಣ ಬಟ್ಟೆ ಕಂಪನಿ. ಕೈಮಗ್ಗದ ಹತ್ತಿ ಬಟ್ಟೆ, ಗಿಡಮೂಲಿಕೆಯ ಬಣ್ಣ, ತೆಂಗಿನ ಚಿಪ್ಪಿನ ಗುಂಡಿ. ಹೊಲಿಯುವ ಹೆಂಗಸರಿಗೆ ಸರಿಯಾದ ಸಂಬಳ, ಗಾಳಿ ಬೆಳಕಿನ ಜಾಗ, ಯಾರೂ ಕೂಗಾಡುವುದಿಲ್ಲ ಎಂದು ಬರೆದಿತ್ತು. ಕೆಳಗೆ ಓದುತ್ತ ಹೋದರೆ ಹೊಲಿಗೆಯ ಜಾಗ ಶಿಕಾರಿಪುರ! ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಪ್ರಪಂಚವೆಲ್ಲ ಹುಡುಕಿದ ವಸ್ತು ಪಕ್ಕದ ತಾಲ್ಲೂಕಿನಲ್ಲೇ ಕೂತಿತ್ತು. ಬೆಲೆ ನೋಡಿ ಒಂದು ವಾರ ಸುಮ್ಮನಿದ್ದೆ, ಆಮೇಲೆ ತರಿಸಿಯೇಬಿಟ್ಟೆ.

ಕೆನೆಬಣ್ಣದ ಕುರ್ತಾ. ಅಂಚಿಗೆ ನೀಲಿಯ ಅಚ್ಚು, ಎರಡೂ ಕಡೆ ಜೇಬು. ಕೊರಳಿಗೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿಯ ಮೇಲೆ 'ನನ್ನನ್ನು ಹೊಲಿದವರು' ಎಂದು ಅಚ್ಚಾಗಿತ್ತು, ಅದರ ಕೆಳಗೆ ಪೆನ್ನಿನಲ್ಲಿ ಒಂದು ಹೆಸರು. ದುಂಡಗಿನ ಕನ್ನಡ ಅಕ್ಷರ. ನಮ್ಮ ಕಡೆ ಪ್ರತಿ ತರಗತಿಯಲ್ಲೂ ಆ ಹೆಸರಿನವರು ಇಬ್ಬರಾದರೂ ಇರುತ್ತಾರೆ. ಚೀಟಿಯನ್ನು ಜೋಪಾನವಾಗಿ ಬಿಚ್ಚಿ, ಓದುತ್ತಿದ್ದ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡೆ.

ಹೊಸ ಬಟ್ಟೆಯನ್ನು ತೊಳೆಯದೆ ತೊಡಬಾರದು, ಗಂಜಿ ರಾಸಾಯನಿಕ ಎಲ್ಲ ಮೈಗೆ ತಾಗುತ್ತದೆ ಎಂಬುದು ಕೆಲವು ವರ್ಷಗಳಿಂದ ನಾನು ಪಾಲಿಸುತ್ತಿರುವ ಶಿಸ್ತು. ಪೊಟ್ಟಣ ಬಿಚ್ಚಿದ್ದೇ ಬಕೆಟ್ಟಿನಲ್ಲಿ ಸೋಪಿನ ಪುಡಿ ಕಲಸಿ ಕುರ್ತಾ ನೆನೆಹಾಕಿದೆ. ಹೆಚ್ಚು ಉಜ್ಜದೆ, ಹಿಂಡದೆ, ಕಂಪನಿಯವರು ಹೇಳಿದಂತೆ ನೆರಳಿನಲ್ಲಿ ಹರವಿದೆ. ಸಂಜೆ ಮಡಿಚಲು ತೆಗೆದಾಗ ಕೆಳಗಿನ ಅಂಚಿನ ಒಳಮಡಿಕೆಯಲ್ಲಿ ಒಂದು ಕಲೆ ಕಂಡಿತು. ಬೆರಳ ತುದಿಯಷ್ಟೇ ಅಗಲ. ಒಣಗಿದ ರಕ್ತದ ಬಣ್ಣ.

ಮೊದಲು ಅಸಹ್ಯವಾಯಿತು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆಮೇಲೆ ಸಿಟ್ಟು ಬಂತು. ಯಾವುದೋ ಹೆಂಗಸಿನ ಬೆರಳಿಗೆ ಮೆಷೀನಿನ ಸೂಜಿ ಇಳಿದಿದೆ. ಅವಳು ಬೆರಳು ಒತ್ತಿ ಹಿಡಿದುಕೊಂಡೇ ಅಂಚು ಹೊಲಿದು ಮುಗಿಸಿದ್ದಾಳೆ. ಏಳಲು ಬಿಟ್ಟಿಲ್ಲ. ವಿಡಿಯೊದಲ್ಲಿ ಕೈ ಎತ್ತಿದ ಮುದುಕಿಯೇ ಕಣ್ಣ ಮುಂದೆ ಬಂದು ನಿಂತಳು. ಕಲೆಯ ಫೋಟೊ ತೆಗೆದು, ಆ ಕಂಪನಿಯ ಪುಟದಲ್ಲೇ, ಎಲ್ಲರೂ ಓದುವ ಜಾಗದಲ್ಲಿ, ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ ನ್ಯಾಯದ ಬಟ್ಟೆಯ ಒಳಮಡಿಕೆಯಲ್ಲಿ ಒಬ್ಬ ಹೆಂಗಸಿನ ರಕ್ತವಿದೆ, ಮೊದಲು ಅವಳ ಬೆರಳಿಗೆ ಪಟ್ಟಿ ಕಟ್ಟಿ, ಆಮೇಲೆ ನ್ಯಾಯದ ಮಾತಾಡಿ ಎಂದು. ಆ ವಾಕ್ಯವನ್ನು ಎರಡು ಸಲ ತಿದ್ದಿದೆ, ಚೆನ್ನಾಗಿ ಬರಲಿ ಎಂದು. ಚೆನ್ನಾಗಿಯೇ ಬಂತು. ಗುರುತು ಪರಿಚಯವಿಲ್ಲದ ಜನ ಅದನ್ನು ಮೆಚ್ಚಿದರು, ಹಂಚಿದರು. ಎರಡು ದಿನ ನಾನು ಬಿಡುವು ಸಿಕ್ಕಾಗಲೆಲ್ಲ ಮೊಬೈಲು ತೆಗೆದು ನೋಡುತ್ತಿದ್ದೆ.

ನಾಲ್ಕನೆಯ ದಿನ ಉತ್ತರ ಬಂತು. ತುಂಬ ವಿನಯದ ಪತ್ರ. ತಪ್ಪಾಗಿದೆ, ಕ್ಷಮಿಸಿ, ಹೊಸ ಕುರ್ತಾ ಕಳಿಸುತ್ತೇವೆ, ಹಳೆಯದನ್ನು ಹಿಂದಿರುಗಿಸುವ ತೊಂದರೆ ತೆಗೆದುಕೊಳ್ಳಬೇಡಿ, ಸಂಬಂಧಪಟ್ಟ ಕೆಲಸಗಾರರನ್ನು ಕೆಲಸದಿಂದ ತೆಗೆಯಲಾಗಿದೆ.

ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ಕೇಳಿದ್ದು ಇದಲ್ಲ, ಗಾಯವಾದವಳನ್ನೇ ತೆಗೆದರೆ ಹೇಗೆ ಎಂದು ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಅದಕ್ಕೂ ಇಲ್ಲ. ಹಾಕಿದ್ದ ಫೋಟೊ ಅಳಿಸಿದೆ. ಹೊಸ ಕುರ್ತಾ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಬಂತು. ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಕಲೆಯ ಕುರ್ತಾವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನ ತಳದಲ್ಲಿಟ್ಟೆ.

ಒಂದು ತಿಂಗಳಾಗಿರಬೇಕು. ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ. ನಾನು ಪ್ರತಿ ವರ್ಷ ಮಾಡುವ ಪ್ರಯೋಗ ಇದು: ಬಿಳಿ ಕಾಗದಕ್ಕೆ ಅರಿಶಿನ ಹಚ್ಚಿ ಒಣಗಿಸುವುದು, ಅದರ ಮೇಲೆ ಸೋಪಿನ ನೀರಿನ ಹನಿ ಬಿಡುವುದು. ಪ್ರಯೋಗಶಾಲೆಯ ಸಾಮಾನು ಒಂದೂ ಬೇಡ, ಮಕ್ಕಳ ಮನೆಯ ಅಡುಗೆಮನೆಯೇ ಸಾಕು ಎಂದು ನನಗೆ ಈ ಪಾಠ ಪ್ರೀತಿ. ಮುಂದಿನ ಬೆಂಚಿನ ಹುಡುಗಿ ಬೆರಳನ್ನು ಸೋಪಿನ ನೀರಿಗೆ ಅದ್ದಿ ಕಾಗದದ ಮೇಲೆ ಒತ್ತಿದಳು. ಹಳದಿಯ ನಡುವೆ ಕೆಂಪು ಬೊಟ್ಟು ಎದ್ದಿತು.

"ಮೇಡಂ, ರಕ್ತ ಬಂದಂಗೇ ಕಾಣ್ತದೆ" ಎಂದಳು. ತರಗತಿಯೆಲ್ಲ ನಕ್ಕಿತು.

ಪ್ರತಿ ವರ್ಷ ಯಾರಾದರೂ ಒಬ್ಬರು ಈ ಮಾತು ಹೇಳುತ್ತಾರೆ. ಪ್ರತಿ ವರ್ಷ ನಾನೂ ನಗುತ್ತೇನೆ. ಆರತಿಯ ಕೆಂಪು ನೀರಿಗೆ ನಿಮ್ಮಮ್ಮ ಏನು ಹಾಕ್ತಾರೆ ಹೇಳಿ ಎಂದು ಕೇಳುತ್ತೇನೆ. ಅರಿಶಿನ, ಸುಣ್ಣ ಎಂದು ಕೂಗುತ್ತಾರೆ. ಆ ದಿನ ಕೇಳಲಿಲ್ಲ. ಕಾಗದದ ಮೇಲಿನ ಬೊಟ್ಟು ಬೆರಳ ತುದಿಯಷ್ಟೇ ಅಗಲವಾಗಿತ್ತು. ಉಳಿದದ್ದನ್ನು ನೀವೇ ಬರೆದುಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂತುಬಿಟ್ಟೆ.

ಮನೆಗೆ ಬಂದವಳೇ ಕುರ್ತಾ ತೆಗೆದು, ನಿಂಬೆಹಣ್ಣು ಹೋಳು ಮಾಡಿ, ಕಲೆಯ ಒಂದು ಬದಿಗೆ ಹಿಂಡಿದೆ. ಕೆಂಪು ಹೋಗಿ ಹಳದಿ ಬಂತು. ಅದು ರಕ್ತವಾಗಿರಲಿಲ್ಲ, ಸೋಪಿಗೆ ಕೆಂಪಾದ ಅರಿಶಿನವಾಗಿತ್ತು. ಹದಿನೆಂಟು ವರ್ಷ ಪಾಠ ಮಾಡಿದ್ದನ್ನು ನನ್ನದೇ ಬಕೆಟ್ಟಿನಲ್ಲಿ ನಾನು ಗುರುತಿಸಿರಲಿಲ್ಲ.

ಶನಿವಾರ ಬೆಳಗಿನ ತರಗತಿ ಮುಗಿಸಿ ಶಿಕಾರಿಪುರದ ಬಸ್ಸು ಹತ್ತಿದೆ. ಚೀಲದಲ್ಲಿ ಕುರ್ತಾ, ಜೊತೆಗೆ ಎರಡು ನಿಂಬೆಹಣ್ಣು. ಅರ್ಧ ಕಲೆಯನ್ನು ಹಾಗೇ ಬಿಟ್ಟಿದ್ದೆ, ಅವರೆದುರಿಗೇ ತೋರಿಸಬೇಕೆಂದು. ಹೊಲಿಗೆಯ ಜಾಗ ಊರಿನ ಹೊರಗೆ, ಅಂಬ್ಲಿಗೊಳದ ಕಡೆ ಹೋಗುವ ರಸ್ತೆಯಲ್ಲಿ ಹಿಂದೆ ಅಕ್ಕಿ ಗಿರಣಿಯಾಗಿದ್ದ ಶೆಡ್ಡು. ಅವರು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ದೊಡ್ಡ ಕಿಟಕಿಗಳಿದ್ದವು, ಫ್ಯಾನುಗಳಿದ್ದವು, ಮೂಲೆಯಲ್ಲಿ ಶುದ್ಧ ನೀರಿನ ಯಂತ್ರವಿತ್ತು. ಮೂವತ್ತು ಹೆಂಗಸರು ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ.

ಮ್ಯಾನೇಜರು ನಲವತ್ತರ ಆಸುಪಾಸಿನವರು, ಸಭ್ಯ ಮನುಷ್ಯ. ನಾನು ಯಾರೆಂದು ಹೇಳಿದಾಗ ಎದ್ದು ನಿಂತು ಕುರ್ಚಿ ಕೊಟ್ಟರು. ಅವರ ಮೇಜಿನ ಮೇಲೆಯೇ ಅಂಚು ತಿರುಗಿಸಿ ನಿಂಬೆರಸ ಬಿಟ್ಟೆ. ಉಳಿದ ಅರ್ಧವೂ ಹಳದಿಯಾಯಿತು. ನೋಡಿ, ಇದು ಅರಿಶಿನ, ತಪ್ಪು ನನ್ನದು, ಅವಳನ್ನು ವಾಪಸು ಕರೆಯಿರಿ ಎಂದೆ.

ಅವರು ಬಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. "ಅರಿಶಿನ ಅಂತ ಆಕಿ ಮೊದಲನೇ ದಿನಾನೇ ಹೇಳಿದ್ಲು ರೀ ಮೇಡಂ" ಎಂದರು. "ಮರುದಿನ ಮನಿಯಿಂದ ನಿಂಬೆಹಣ್ಣೂ ತಂದಿದ್ಲು. ಆ ಬಟ್ಟಿ ತರ್ಸಿ, ಇದನ್ನ ಹಿಂಡ್ರಿ, ಹಳದಿ ಆಗದಿದ್ರೆ ನಾನೇ ಕೆಲಸ ಬಿಡ್ತೀನಿ ಅಂದ್ಲು. ಬಟ್ಟಿ ನಿಮ್ಮ ಹತ್ರ ಇತ್ತು. ಅಷ್ಟು ಸಿಟ್ಟಾಗಿರೋ ಗಿರಾಕೀನ ಬಟ್ಟಿ ವಾಪಸ್ ಕೊಡ್ರಿ ಅಂತ ಹೆಂಗ್ ಕೇಳೋದು ಹೇಳ್ರಿ? ಬೆಂಗಳೂರಿನೋರು ಒಪ್ಪಲಿಲ್ಲ. ಅರಿಶಿನ ಆದ್ರೂ ತಪ್ಪೇ, ಮಾರೋ ಬಟ್ಟಿಗೆ ಯಾಕೆ ಹಚ್ಚಬೇಕಿತ್ತು ಅಂದ್ರು."

"ಈಗಲಾದರೂ ಗೊತ್ತಾಯ್ತಲ್ಲ."

"ಆಕಿ ಮೆಷೀನಿಗೆ ಬೇರೆಯೋರು ಬಂದಾರ್ರೀ. ಈಗ ಅವರನ್ನ ಹೆಂಗ್ ಏಳ್ಸಲಿ?" ಅವರು ನಿಂಬೆಯ ಬೀಜವನ್ನು ಮೇಜಿನಿಂದ ಒರೆಸಿದರು. "ಭಾಳ ಅತ್ಲು. ಈ ಕೆಲಸ ಹೋದ್ರೆ ನನ್ನನ್ನ ಗಂಡನ ಮನೀಗೆ ವಾಪಸ್ ಕಳಿಸ್ತಾರೆ ಅಂದ್ಲು. ಸೂಜಿ ಹಿಡಿಯೋಳಿಗೆ ಈ ಬಣ್ಣದ ಲೆಕ್ಕ ಯಾರು ಹೇಳಿಕೊಟ್ರು ಅಂತ ನಮಗೂ ಆಶ್ಚರ್ಯ. ಕೇಳಿದ್ರೆ, ಹೈಸ್ಕೂಲಲ್ಲಿ ನಮ್ಮ ಮೇಡಂ ಮಾಡಿ ತೋರಿಸಿದ್ರು ಅಂದ್ಲು. ಕುಬಟೂರಿನ ಕಡೆಯೋಳು."

ಹೆಸರು ಕೇಳುವ ಅಗತ್ಯವಿರಲಿಲ್ಲ. ಚೀಟಿ ಇನ್ನೂ ನನ್ನ ಪುಸ್ತಕದೊಳಗಿತ್ತು. ಆ ದುಂಡಗಿನ ಅಕ್ಷರವನ್ನು ನಾನು ಮೂರು ವರ್ಷ ಕೆಂಪು ಇಂಕಿನಲ್ಲಿ ತಿದ್ದಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಮುಖ ನೆನಪಿಗೆ ಬಂತು. ಎರಡನೆಯ ಬೆಂಚು, ಕಿಟಕಿಯ ಪಕ್ಕ. ಪ್ರಯೋಗ ಮುಗಿದ ಮೇಲೆ ಆ ಕಾಗದ ಮನೆಗೆ ತೆಗೆದುಕೊಂಡು ಹೋಗಲಾ ಎಂದು ಕೇಳುತ್ತಿದ್ದ ಹುಡುಗಿ.

ಭಾನುವಾರ ಅವಳ ತವರುಮನೆಗೆ ಹೋದೆ. ಶಾಲೆಯಿಂದ ಸ್ವಲ್ಪ ದೂರ, ಸಿಮೆಂಟಿನ ಅಂಗಳದ ಮನೆ. ಅವಳ ತಾಯಿ, "ಅಯ್ಯೋ, ಅಕ್ಕೋರು ಬಂದ್ರು" ಎಂದು ಸೆರಗಿನಲ್ಲಿ ಕುರ್ಚಿ ಒರೆಸಿ ಕೂರಿಸಿದರು. ನಮ್ಮ ಕಡೆ ಹಳಬರಿಗೆ ಹೆಣ್ಣು ಟೀಚರು ಅಂದರೆ ಅಕ್ಕೋರೇ. ಅವಳು ಒಳಗಿನಿಂದ ಬಂದಳು. ಇಪ್ಪತ್ತೈದು ದಾಟಿರಬೇಕು, ತೆಳ್ಳಗಾಗಿದ್ದಳು. ಸೊಂಟದ ಹಿಂದೆ ನಾಲ್ಕೈದು ವರ್ಷದ ಮಗಳು. ನಾನು ಮಾತಾಡಿದಾಗ ಬಲಗಿವಿಯನ್ನು ನನ್ನ ಕಡೆ ವಾಲಿಸಿ ಕೇಳಿಸಿಕೊಂಡಳು.

"ಎಡಗಿವಿ ಮಂದ ಆಗ್ಯದೆ ಅಕ್ಕೋರೆ" ಎಂದರು ತಾಯಿ. "ಅಳಿಯ ಹೊಡ್ದಿದ್ದು. ಹೊರಗೆ ಹೋಗ್ಬೇಕಾದ್ರೆ ಇವಳನ್ನ ಒಳಗೇ ಬಿಟ್ಟು ಬೀಗ ಹಾಕ್ಕಂಡು ಹೋಗ್ತಿದ್ದ. ಅದಕ್ಕೇ ಕರ್ಕಂಡು ಬಂದ್ವಿ. ಬಸ್ಸು ಫ್ರೀ ಆದ್ಮೇಲೆ ಶಿಕಾರಿಪುರದ ಕೆಲಸಕ್ಕೆ ಹೋಗ್ತಿದ್ಲು, ದುಡೀತಾಳೆ ಅಂತ ಮನೇಲಿ ಯಾರೂ ಸೊಲ್ಲೆತ್ತಿರಲಿಲ್ಲ. ಈಗ ಕೂತು ಉಣ್ಣೋಳು ಅಂತಾಯ್ತು. ಹಿರಿಯರು ಕೂತು ಮಾತಾಡಿದಾರೆ. ನಾಳೆ ಗಂಡನ ಮನೆಗೇ ವಾಪಸ್ ಕಳಿಸ್ತಾರೆ."

ಗೋಡೆಯ ಪಕ್ಕ ಎರಡು ಚೀಲ ಕಟ್ಟಿ ಇಟ್ಟಿದ್ದು ಆಗ ನನ್ನ ಕಣ್ಣಿಗೆ ಬಿತ್ತು. ಅಂಗಳದಲ್ಲಿ ಅವಳ ಅಣ್ಣ ಬೈಕು ತೊಳೆಯುತ್ತಿದ್ದ. ಎದ್ದು ಹೋಗಿ ಮಾತಾಡಿದೆ, ಅವಳಿಗೆ ಬೇರೆ ಕಡೆ ಕೆಲಸ ಹುಡುಕುತ್ತೇನೆ, ಸ್ವಲ್ಪ ದಿನ ತಡೆಯಿರಿ ಎಂದು ಬೇಡಿಕೊಂಡೆ. ಅವನೂ ನನ್ನ ಹಳೆಯ ವಿದ್ಯಾರ್ಥಿಯೇ. ನಲ್ಲಿ ನಿಲ್ಲಿಸಿ, ತಲೆ ಬಗ್ಗಿಸಿ, ಎಲ್ಲವನ್ನೂ ಕೇಳಿಸಿಕೊಂಡ. "ನೀವು ಹೇಳೋದು ಸರಿ ಮೇಡಂ. ಆದ್ರೆ ಹಿರಿಯರ ಮುಂದೆ ಮಾತು ಕೊಟ್ಟಾಗಿದೆ" ಎಂದು ಮತ್ತೆ ನಲ್ಲಿ ತಿರುಗಿಸಿದ.

ಒಳಗೆ ಬಂದೆ. ತಾಯಿ ಚಹಾ ಮಾಡಲು ಹೋಗಿದ್ದರು. ಅವಳು ಮೆಲ್ಲಗೆ ಹೇಳಿದಳು, "ಯಾರೋ ದೊಡ್ಡ ಊರಿನೋರು ಬರ್ದಿದ್ರಂತೆ ಮೇಡಂ. ನನ್ನ ಬೆರಳಿಗೆ ಪಟ್ಟಿ ಕಟ್ಟಿ ಅಂತ. ಒಳ್ಳೇರೇ ಇರ್ಬೇಕು ಪಾಪ. ಅರಿಶಿನ ಕಂಡಿಲ್ಲ ಅಷ್ಟೇ."

ನಾನು ಚೀಲದಿಂದ ಕುರ್ತಾ ತೆಗೆದು ಅವಳ ಮಡಿಲಿಗಿಟ್ಟೆ. "ಬರೆದದ್ದು ನಾನು" ಎಂದೆ.

ಕೇಳಿಸಲಿಲ್ಲವೇನೋ ಎಂದುಕೊಂಡು ಬಲಗಡೆಗೆ ಹೋಗಿ ಇನ್ನೊಮ್ಮೆ ಹೇಳಿದೆ. ಮೊದಲನೆಯ ಸಲವೇ ಕೇಳಿಸಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಂಚು ತಿರುಗಿಸಿ ಹಳದಿ ಬೊಟ್ಟು ನೋಡಿದಳು, ಅದರ ಪಕ್ಕದ ಹೊಲಿಗೆಯ ಮೇಲೆ ಬೆರಳು ಸರಿಸಿದಳು.

"ನಿಂಬೆಹಣ್ಣು ಹಾಕಿದ್ರಾ?"

"ಹೌದು."

"ನಾನೂ ಹೇಳ್ದೆ ಅವರಿಗೆ." ಅಂಚನ್ನು ಮತ್ತೆ ಒಳಗೆ ಮಡಿಚಿದಳು. ಆಮೇಲೆ, "ದಿನಾ ಮೊದ್ಲು ಮುಗಿಸಿದ ಒಂದು ಬಟ್ಟೆಗೆ ಹಚ್ತಿದ್ದೆ ಮೇಡಂ" ಎಂದಳು. "ಬೆಳಗ್ಗೆ ಪೂಜೆಗೆ ಅಂತ ಮೆಷೀನಿಗೆ ಇಡೋ ಅರಿಶಿನದಲ್ಲೇ, ಒಳಗಡೆಗೆ, ಯಾರಿಗೂ ಕಾಣದಂಗೆ. ಹೊಸ ಬಟ್ಟೆ ಬರಿದೇ ಹಾಕ್ಬಾರ್ದು ಅಲ್ವಾ. ದೊಡ್ಡ ಊರಿನೋರು ಹಚ್ತಾರೋ ಇಲ್ವೋ, ನಾನೇ ಹಚ್ಚಿಬಿಡೋಣ ಅಂತ. ನಮ್ಮ ಕಡೆಯೋರಿಗೆ ಹೋದ್ರೆ, ಅವರು ಹಚ್ಚಕ್ಕೆ ಅಂತ ಅಂಚು ತಿರುಗಿಸಿದಾಗ ಆಗ್ಲೇ ಹಚ್ಚಿರೋದು ಕಾಣ್ತದೆ, ಯಾರೋ ನಮ್ಮೋರೇ ಹೊಲ್ದಿದಾರೆ ಅಂತ ನಗ್ತಾರೆ ಅಂದ್ಕಂಡಿದ್ದೆ."

ಒಳಗೆ ಲೋಟದ ಸದ್ದಾಯಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಆಪಾದನೆ ಇರಲಿಲ್ಲ. ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

"ನೀವು ಅರಿಶಿನ ಹಚ್ಚದೇನೇ ನೀರಿಗೆ ಹಾಕಿದ್ರಾ ಮೇಡಂ?"

ಹಬ್ಬಕ್ಕೆ ತಂದ ಒಂದು ಮೊಳದ ರವಿಕೆ ಬಟ್ಟೆಗೂ ನಮ್ಮಮ್ಮ ಅರಿಶಿನ ಮುಟ್ಟಿಸದೆ ಕೊಡುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ನಾನೂ ಹಚ್ಚುತ್ತಿದ್ದೆ. ಯಾವಾಗ ಬಿಟ್ಟೆನೋ ನೆನಪಿಲ್ಲ. ಪೊಟ್ಟಣದಲ್ಲಿ ಮನೆ ಬಾಗಿಲಿಗೆ ಬರುವ ಬಟ್ಟೆಗೆ ಅದೆಲ್ಲ ಹೊಂದುವುದಿಲ್ಲ ಅನ್ನಿಸಿರಬೇಕು.

"ಹಚ್ಚಲಿಲ್ಲ" ಎಂದೆ.

ಅವಳು ಕುರ್ತಾವನ್ನು ಮಡಿಲ ಮೇಲೆ ಹರವಿ, ತೋಳು ಒಳಗೆ ಸೇರಿಸಿ, ಅಂಗಡಿಯಲ್ಲಿ ಮಡಿಸುವ ಹಾಗೆ ನೀಟಾಗಿ ಮಡಿಸಿ ನನ್ನ ಕೈಗೆ ಕೊಟ್ಟಳು. ಚಹಾ ಬಂತು, ಕುಡಿದೆ. ಮರುದಿನ ಬೆಳಗ್ಗೆ ನಾನು ಶಾಲೆಯ ಹತ್ತಿರ ಬಸ್ಸಿಳಿಯುವಾಗ ಅವಳು ಎರಡು ಚೀಲ ಹಿಡಿದು, ಮಗಳೊಂದಿಗೆ, ಅದೇ ಬಸ್ಸಿಗೆ ಹತ್ತಿದಳು. ಮಗಳು ಹೊಸ ಫ್ರಾಕು ತೊಟ್ಟಿದ್ದಳು. ಅದರ ಅಂಚಿನಲ್ಲಿ ಅರಿಶಿನವಿತ್ತು.